ಟ್ಯೂಬಿನ ಬಾಯಲ್ಲಿ ಬರುವ ಆ ಜೇನಿನಂಥ ನೀರು: ಜಲವರ್ಣದಲ್ಲಿ ಗಮ್ ಅರೇಬಿಕ್

ಜಲವರ್ಣದ ಟ್ಯೂಬನ್ನು ಏಳೆಂಟು ತಿಂಗಳು ಮುಟ್ಟದೆ ಇಟ್ಟವರಿಗೆ ಎರಡು ಪೇಚು ಕಾದಿರುತ್ತವೆ. ಒಂದು, ಮುಚ್ಚಳ ಕಚ್ಚಿಕೊಂಡಿರುತ್ತದೆ. ಇಕ್ಕಳ ಹಾಕಿದರೂ ಜಗ್ಗುವುದಿಲ್ಲ, ಟ್ಯೂಬಿನ ಕತ್ತೇ ತಿರುಚಿಕೊಳ್ಳುತ್ತದೆ. ಬಿಸಿನೀರಿನ ಲೋಟದಲ್ಲಿ ತಲೆಕೆಳಗಾಗಿ ಒಂದೆರಡು ನಿಮಿಷ ಅದ್ದಿ ಹಿಡಿದರೆ ಮಾತ್ರ ಸಲೀಸಾಗಿ ಬಿಚ್ಚುತ್ತದೆ. ಇನ್ನೊಂದು, ಟ್ಯೂಬ್ ಒತ್ತಿದಾಗ ಬಣ್ಣಕ್ಕಿಂತ ಮೊದಲು ತೆಳು ಜೇನಿನಂಥ ಅಂಟುಅಂಟಾದ ದ್ರವ ಹೊರಬರುತ್ತದೆ. ಬಣ್ಣ ಕೆಟ್ಟಿತೇನೋ ಅಂದುಕೊಂಡು ಎಷ್ಟೋ ವರ್ಷ ನಾನು ಅದನ್ನು ಹಳೇ ಬಟ್ಟೆಗೆ ಒರೆಸಿ ಎಸೆದಿದ್ದೇನೆ. ಎಸೆದದ್ದು ಬಹುಪಾಲು ಗಮ್ ಅರೇಬಿಕ್ ಎಂಬ ಮರದ ಅಂಟು. ಮುಚ್ಚಳವನ್ನು ಕಚ್ಚಿ ಹಿಡಿದದ್ದೂ ಅದೇ, ಬಿಸಿನೀರಿಗೆ ಸೋತು ಬಿಟ್ಟುಕೊಟ್ಟದ್ದೂ ಅದೇ.

ಕಲಾಸಾಮಗ್ರಿಯ ಅಂಗಡಿಯಲ್ಲಿ ಇದೇ ಅಂಟು ಪುಟ್ಟ ಶೀಶೆಯಲ್ಲಿ ವಾಟರ್‌ಕಲರ್ ಮೀಡಿಯಂ ಎಂದು ಬೇರೆಯಾಗಿ ಮಾರಾಟವಾಗುತ್ತದೆ. ಇದನ್ನು ಹಾಕಿದರೆ ಏನಾಗುತ್ತದೆ ಎಂದು ಕೇಳಿದರೆ ಹೊಳಪು ಬರುತ್ತದೆ ಎಂಬ ಉತ್ತರ ಥಟ್ಟನೆ ಸಿಗುತ್ತದೆ. ಸುಳ್ಳಲ್ಲ, ಆದರೆ ಆ ಉತ್ತರ ನಂಬಿ ಚಿತ್ರ ಕೆಡಿಸಿಕೊಂಡವರು ಬಹಳ ಜನ, ನನ್ನನ್ನೂ ಸೇರಿಸಿ. ಬಣ್ಣದ ಪುಡಿ ಮತ್ತು ಈ ಅಂಟು ಸೇರಿದ್ದಕ್ಕೇ ಜಲವರ್ಣ ಎನ್ನುವುದು. ಹಾಗಾಗಿ ಶೀಶೆಯಿಂದ ಹನಿ ಬಿಡುವಾಗ ನಾವು ಮಾಡುವುದಿಷ್ಟೇ: ತಯಾರಕರು ಕೂಡಿಸಿಟ್ಟ ಹದವನ್ನು ಅಂಟಿನ ಕಡೆಗೆ ವಾಲಿಸುತ್ತೇವೆ. ಎಷ್ಟು ವಾಲಿಸಬಹುದು, ಯಾವ ಪದರದಲ್ಲಿ, ಯಾಕೆ ಎನ್ನುವುದು ತಿಳಿಯಬೇಕಾದರೆ ಅಂಟು ಬಣ್ಣದೊಳಗೆ ಕೂತು ಏನು ಮಾಡುತ್ತದೆ ಎಂದು ನೋಡಬೇಕು.

ಮೊದಲು ಮರದ ಮಾತು. ಒಳ್ಳೆಯ ಗಮ್ ಅರೇಬಿಕ್ ಬರುವುದು ಅಕೇಶಿಯಾ ಸೆನೆಗಲ್ ಎಂಬ ಮುಳ್ಳುಮರದಿಂದ. ಸಸ್ಯವಿಜ್ಞಾನಿಗಳು ಈಗ ಅದನ್ನು ಸೆನೆಗಾಲಿಯಾ ಸೆನೆಗಲ್ ಎಂದು ಕರೆಯುತ್ತಾರೆ, ಸುಡಾನಿನವರಿಗೆ ಅದು ಹಶಾಬ್. ನಮ್ಮ ಜಾಲಿಯ ದಾಯಾದಿ ಎನ್ನಿ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನುದ್ದಕ್ಕೂ ಈ ಮರಗಳ ಪಟ್ಟಿಯಿದೆ. ಅದರಲ್ಲೂ ಸುಡಾನಿನ ಕೊರ್ಡೊಫಾನ್ ಸೀಮೆಯ ಅಂಟಿಗೆ ಹೆಸರು ಹೆಚ್ಚು. ಮಳೆಗಾಲ ಮುಗಿದು ಎಲೆ ಉದುರತೊಡಗಿದಾಗ ಕೊಂಬೆಯ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿಯುತ್ತಾರೆ. ಗಾಯ ಮುಚ್ಚಿಕೊಳ್ಳಲು ಮರ ರಸ ಒಸರಿಸುತ್ತದೆ. ಅದು ಗಾಳಿಗೆ ಗಟ್ಟಿಯಾಗಿ ನೆಲ್ಲಿಕಾಯಿಯಷ್ಟು ದಪ್ಪದ ಗುಂಡುಗಳಾಗುತ್ತದೆ, ಕೆಲವು ವಾರ ಬಿಟ್ಟು ಬಂದು ಕಿತ್ತುಕೊಳ್ಳುತ್ತಾರೆ. ಅರಬ್ ವ್ಯಾಪಾರಿಗಳ ಕೈಯಿಂದ ಯುರೋಪಿಗೆ ಹೋಗುತ್ತಿದ್ದುದರಿಂದ ಹೆಸರು ಅರೇಬಿಕ್, ಮರ ಮಾತ್ರ ಆಫ್ರಿಕಾದ್ದು. ಈ ವ್ಯಾಪಾರದಲ್ಲಿ ಚಿತ್ರಕಾರರು ಲೆಕ್ಕಕ್ಕೇ ಇಲ್ಲ, ಬಹುಪಾಲು ಸರಕು ತಂಪುಪಾನೀಯ ಮತ್ತು ಮಿಠಾಯಿಗೆ ಹೋಗುತ್ತದೆ. ಪೊಟ್ಟಣದ ಮೇಲೆ ಇ414 ಎಂದು ಕಂಡರೆ ಅದು ಇದೇ. 1997ರಲ್ಲಿ ಅಮೆರಿಕ ಸುಡಾನಿನ ಮೇಲೆ ವಾಣಿಜ್ಯ ನಿರ್ಬಂಧ ಹೇರಿದಾಗಲೂ ಈ ಅಂಟಿಗೆ ವಿನಾಯಿತಿ ಕೊಟ್ಟಿತ್ತು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಶುರುವಾದ ಯುದ್ಧ ಅಂಟು ಬೆಳೆಯುವ ಸೀಮೆಗಳನ್ನೇ ತಟ್ಟಿದೆ.

ಕರಿಜಾಲಿಯ ಅಂಟು ನಮ್ಮಲ್ಲಿ ಕಿರಾಣಿ ಅಂಗಡಿಯ ಸಾಮಾನು. ಮೊಗಲ್ ಮತ್ತು ರಾಜಸ್ಥಾನಿ ಕಿರುಚಿತ್ರಗಳನ್ನು ಬರೆದವರು ಬಣ್ಣ ಕಲಸುತ್ತಿದ್ದುದು ಈ ಬಬೂಲ್ ಅಂಟಿನಲ್ಲೇ. ಧಾರವಾಡದ ಕಡೆ ಅಂಗಡಿಯಲ್ಲಿ ಕಾಲು ಕಿಲೋ ಅಂಟು ಕೊಡಿ ಅಂದರೆ ಬರುವ ಪ್ರಶ್ನೆ ಒಂದೇ: “ಉಂಡಿಗೇನ್ರಿ? ಮನ್ಯಾಗ ಬಾಣಂತಿ ಅದಾರೇನ್ರಿ?” ನಾನು “ಇಲ್ರೀ, ಬಣ್ಣಕ್ಕ” ಅಂದೆ. ಅಂಗಡಿಯಾತ ತಕ್ಕಡಿ ಕೆಳಗಿಟ್ಟು ನನ್ನ ಮುಖ ನೋಡಿದ. ಅವನ ಆಶ್ಚರ್ಯ ಸಹಜವೇ. ಕರದಂಟು ಅಂದರೆ ಕರಿದ ಅಂಟು ತಾನೆ? ತುಪ್ಪಕ್ಕೆ ಬಿದ್ದ ಅಂಟಿನ ಹರಳು ಅರಳಿನ ಹಾಗೆ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಒಳಗಿದ್ದ ಚೂರು ನೀರು ಆವಿಯಾಗಿ ಅದನ್ನು ಉಬ್ಬಿಸುತ್ತದೆ. ಅದೇ ಹರಳನ್ನು ನೀರಿಗೆ ಹಾಕಿ, ಬೆಳಗಾಗುವುದರೊಳಗೆ ಗುರುತಿಲ್ಲದಂತೆ ಕರಗಿರುತ್ತದೆ. ಎಣ್ಣೆ-ತುಪ್ಪಕ್ಕೆ ಬಗ್ಗದ, ನೀರಿಗೆ ಮಾತ್ರ ಒಲಿಯುವ ಗುಣ ಇದು. ಒಣಗಿದ ಮೇಲೂ ಆ ಒಲುಮೆ ಹೋಗುವುದಿಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲ ಅಂಟೂ ಹೀಗಲ್ಲ. ಬೇಸಿಗೆಯಲ್ಲಿ ಪಾನಕಕ್ಕೆ ಹಾಕುವ ಬಾದಾಮಿ ಗೋಂದು ನೀರಲ್ಲಿ ಕರಗದೆ ಮಂಜಿನ ಹರಳಿನಂತೆ ಊದಿ ನಿಲ್ಲುತ್ತದೆ, ಬಣ್ಣಕ್ಕೆ ಅದು ಕೆಲಸಕ್ಕೆ ಬಾರದು. ಮೈದಾ ಅಂಟು ಪೋಸ್ಟರ್ ಹಚ್ಚಲು ಸರಿ, ಆದರೆ ಚೂರು ಹೆಚ್ಚಾದರೂ ಗಂಜಿಯಾಗುತ್ತದೆ. ಗಮ್ ಅರೇಬಿಕ್‌ನ ಕಣ ಉದ್ದನೆಯ ದಾರದಂತಿಲ್ಲ. ಕವಲುಕವಲಾಗಿ ಒಡೆದು ಮುದುಡಿಕೊಂಡ ಪೊದೆಯಂತಿದೆ. ದಾರಗಳು ಒಂದಕ್ಕೊಂದು ಸಿಕ್ಕುಬಿದ್ದು ನೀರನ್ನು ಮಂದ ಮಾಡುತ್ತವೆ, ಪೊದೆಗಳು ಪಕ್ಕಪಕ್ಕ ಉರುಳಾಡಿಕೊಂಡಿರುತ್ತವೆ. ಹಾಗಾಗಿ ನೀರಿನ ತೂಕದ ಮೂರರಲ್ಲೊಂದು ಪಾಲು ಅಂಟು ಕರಗಿಸಿದರೂ ಮಿಶ್ರಣ ಕುಂಚದಿಂದ ಹರಿಯುತ್ತದೆ.

ಇನ್ನು ಅಂಟು ಬಣ್ಣದ ಪುಡಿಯನ್ನು ಹೇಗೆ ಹಿಡಿಯುತ್ತದೆ ಎಂದು ನೋಡಲು ದೀಪದ ಕಾಡಿಗೆ ಸಾಕು. ಎಣ್ಣೆದೀಪದ ಮೇಲೆ ಸ್ಟೀಲ್ ತಟ್ಟೆ ಹಿಡಿದು ಮಸಿ ಕೂಡಿಸಿ, ಚಿಟಿಕೆಯಷ್ಟನ್ನು ನೀರಿನ ಬಟ್ಟಲಿಗೆ ಉದುರಿಸಿ. ಮುಳುಗುವುದೇ ಇಲ್ಲ. ಬೆರಳಿಂದ ಒತ್ತಿದರೂ ಪಕ್ಕಕ್ಕೆ ಜಾರಿ ಮತ್ತೆ ತೇಲುತ್ತದೆ. ಈಗ ಇನ್ನೊಂದು ಚಿಟಿಕೆಯನ್ನು ಬಿಳಿ ಬಸಿಯಲ್ಲಿ ಹಾಕಿ, ಎರಡು ಹನಿ ಅಂಟುನೀರು ಬಿಟ್ಟು ಬೆರಳಿಂದ ಐದು ನಿಮಿಷ ಅರೆಯಿರಿ. ಮೊದಲು ಉಂಡೆಯುಂಡೆಯಾಗಿ ಹಟ ಮಾಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಒಂದೇ ಸಮನಾದ ಕಪ್ಪು ಪಸೆಯಾಗುತ್ತದೆ. ಅದಕ್ಕೆ ನೀರು ಬೆರೆಸಿದರೆ ಬರೆಯುವ ಮಸಿ ಸಿದ್ಧ. ಪ್ರಾಚೀನ ಈಜಿಪ್ಟಿನ ಲಿಪಿಕಾರರ ಕಪ್ಪು ಶಾಯಿಯೂ ಇಷ್ಟೇ, ಮಸಿ ಮತ್ತು ಅಂಟು. ಗಮ್ ಅರೇಬಿಕ್‌ನಲ್ಲಿ ಸಕ್ಕರೆಯ ಜಾತಿಯ ಭಾಗವೇ ಹೆಚ್ಚು, ಜೊತೆಗೆ ತುಸು ಪ್ರೋಟೀನ್ ಕೂಡ ಇದೆ. ನೀರೆಂದರೆ ದೂರ ಸರಿಯುವ ಕಣಕ್ಕೆ ಪ್ರೋಟೀನಿನ ತುದಿ ಅಂಟಿಕೊಳ್ಳುತ್ತದೆ, ಸಕ್ಕರೆಯ ಕವಲು ನೀರಿನತ್ತ ಚಾಚಿಕೊಳ್ಳುತ್ತದೆ. ಪ್ರತಿ ಕಣಕ್ಕೂ ಇಂಥ ಹೊದಿಕೆ ಬಿದ್ದಮೇಲೆ ಕಣಗಳು ಒಂದಕ್ಕೊಂದು ತಾಗಿ ಗಂಟಾಗುವುದಿಲ್ಲ.

ತಮ್ಮ ಅಂಟನ್ನು ತಾವೇ ಹೊತ್ತು ತರುವ ಬಣ್ಣಗಳೂ ಉಂಟು. ಪುನರ್ಪುಳಿಯ ಬಳಗದ ಮರಗಳಿಂದ ಸುರಿಯುವ ಹಳದಿ ಹಾಲು ಗಟ್ಟಿಯಾದರೆ ಗ್ಯಾಂಬೋಜ್ ಎಂಬ ಬಣ್ಣ. ಅದರಲ್ಲಿ ರಾಳವೂ ಅಂಟೂ ಕೂಡಿಯೇ ಇರುವುದರಿಂದ ಒದ್ದೆ ಕುಂಚ ಉಜ್ಜಿದರೆ ಸಾಕು, ಬಣ್ಣ ಬಿಡುತ್ತದೆ.

ಕಾಗದದ ಮೇಲೆ ಬಣ್ಣ ಒಣಗುತ್ತಾ ನೀರು ಹಾರಿಹೋಗುತ್ತದೆ, ಕಣಗಳು ಅಂಟಿನ ತೆಳು ಪೊರೆಯಲ್ಲಿ ಉಳಿಯುತ್ತವೆ. ಹೊಳಪಿನ ವಿಷಯ ಇಲ್ಲಿ ಬರುತ್ತದೆ, ಅದನ್ನು ಅರ್ಥಮಾಡಿಕೊಳ್ಳಲು ಶಾಲೆಯ ಕರಿಹಲಗೆ ನೆನಪು ಮಾಡಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಒರೆಸಿದ ತಕ್ಷಣ ಹಲಗೆ ಗಾಢ ಕಪ್ಪು. ಮೇಷ್ಟ್ರು ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಒಣಗಿ, ಸುಣ್ಣದ ಪುಡಿಯ ಮಬ್ಬು ಮತ್ತೆ ಕಾಣಿಸುತ್ತದೆ. ಪುಡಿ ಎಲ್ಲಿಗೂ ಹೋಗಿರಲಿಲ್ಲ. ಒದ್ದೆಯಿದ್ದಾಗ ಕಣಗಳ ನಡುವಿನ ಸಂದಿಯಲ್ಲಿ ನೀರಿತ್ತು, ಒಣಗಿದ ಮೇಲೆ ಗಾಳಿ ಬಂದು ಕೂತಿತು. ಬೆಳಕು ಗಾಳಿಯಿಂದ ಕಣಕ್ಕೆ, ಕಣದಿಂದ ಗಾಳಿಗೆ ದಾಟುವಾಗೆಲ್ಲ ಚೆದುರುತ್ತದೆ, ಚೆದುರಿದ ಬೆಳಕು ನಮ್ಮ ಕಣ್ಣಿಗೆ ಬಿಳಿಚು. ಜಲವರ್ಣ ಹಸಿಯಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಪೇಲವವಾಗುವುದಕ್ಕೂ ಕಾರಣ ಇದೇ. ಹಸಿ ಬಣ್ಣ ನೋಡಿ ಮೋಸಹೋಗದ ಜಲವರ್ಣಕಾರರನ್ನು ನಾನು ಕಂಡಿಲ್ಲ.

ಅಂಟು ಹೆಚ್ಚಿಸಿದರೆ ಆ ಸಂದಿಗಳಲ್ಲಿ ಗಾಳಿಯ ಜಾಗಕ್ಕೆ ಅಂಟು ನಿಲ್ಲುತ್ತದೆ, ಮೇಲ್ಮೈಯೂ ನುಣುಪಾಗುತ್ತದೆ. ಬೆಳಕಿನ ದೃಷ್ಟಿಯಿಂದ ಒಣಗಿದ ಬಣ್ಣ ಇನ್ನೂ ಅರ್ಧ ಹಸಿಯೇ ಇದ್ದಂತೆ. ಬೆಳಕನ್ನು ಬಾಗಿಸುವ ಶಕ್ತಿಗೆ ವಕ್ರೀಭವನಾಂಕ ಎಂಬ ಲೆಕ್ಕವಿದೆ. ಗಾಳಿಗೆ ಅದು 1, ಗಮ್ ಅರೇಬಿಕ್‌ಗೆ ಸುಮಾರು 1.48, ಅಲ್ಟ್ರಾಮರೀನ್ ನೀಲಿಗೆ ಸುಮಾರು 1.5. ಅಂಟೂ ಅಲ್ಟ್ರಾಮರೀನೂ ಹತ್ತಿರಹತ್ತಿರ ಇರುವುದರಿಂದ ಬೆಳಕು ಅವೆರಡರ ಗಡಿಯಲ್ಲಿ ಎಡವದೆ ಒಳಕ್ಕಿಳಿದು, ಕೆಳಗಿನ ಕಾಗದಕ್ಕೆ ಬಡಿದು, ನೀಲಿಯಾಗಿ ಮರಳುತ್ತದೆ. ಟೈಟೇನಿಯಂ ಬಿಳಿಯ ಅಂಕ 2.5ಕ್ಕಿಂತ ಹೆಚ್ಚು, ಎಷ್ಟು ಅಂಟು ಸುರಿದರೂ ಅದು ಪಾರದರ್ಶಕವಾಗುವುದಿಲ್ಲ. ಗಮ್ ಹಾಕಿದರೆ ಬಣ್ಣವೆಲ್ಲ ಗಾಜಿನಂತಾಗುತ್ತದೆ ಎಂಬ ಮಾತು ಯಾವ ಬಣ್ಣ ಎನ್ನುವುದರ ಮೇಲೆ ನಿಲ್ಲುತ್ತದೆ. ಇಂಡಿಗೋ, ಸೇಪಿಯಾ, ಅಂಬರ್‌ನಂಥ ಗಾಢ ಬಣ್ಣಗಳಲ್ಲಿ ಫಲ ಎದ್ದು ಕಾಣುತ್ತದೆ, ನಸುಹಳದಿಯಲ್ಲಿ ಹುಡುಕಬೇಕು.

ಕೈಯಳತೆಗೆ ಹೇಳುವುದಾದರೆ: ತೊಟ್ಟಿಮನೆಯ ಒಳಬಾಗಿಲಿನ ಕತ್ತಲೆ ಬರೆಯುತ್ತಿದ್ದೀರಿ. ಬರ್ಂಟ್ ಅಂಬರ್ ಎಂಬ ಗಾಢ ಕಂದಿಗೆ ಅಲ್ಟ್ರಾಮರೀನ್ ಬೆರೆಸಿ ಹಚ್ಚಿದಾಗ ಭೇಷ್ ಅನ್ನಿಸುವ ಕತ್ತಲೆ ಒಣಗಿದ ಮೇಲೆ ಬೂದಿ ಬಳಿದ ಗೋಡೆಯಾಗಿ ಕೂತಿರುತ್ತದೆ. ಅದರ ಮೇಲೆ ಇನ್ನೊಂದು ಪದರ ಹಚ್ಚಿದರೆ ಕೆಸರು. ಅದರ ಬದಲು ಕೊನೆಯ ಪದರದ ಬಣ್ಣಕ್ಕೆ, ಒಂದು ಟೀ ಚಮಚದಷ್ಟಿದ್ದರೆ, ಮೂರು ನಾಲ್ಕು ಹನಿ ಗಮ್ ಬೆರೆಸಿ ಒಂದೇ ಸಲಕ್ಕೆ ಹಚ್ಚಿ ಕೈ ತೆಗೆಯಿರಿ. ಬಾಗಿಲಿನಾಚೆ ಕೋಣೆಯಿದೆ ಎನ್ನಿಸುವ ಆಳ ಬರುತ್ತದೆ. ಆ ಜಾಗ ಮಾತ್ರ ಮಿರುಗುತ್ತದೆ ನಿಜ, ಗೋಡೆ-ಚಾವಣಿಗೂ ಗಮ್ ಹಚ್ಚಿದರೆ ಕತ್ತಲೆಗೆ ಸಿಕ್ಕ ಲಾಭ ಹೋಯಿತು.

ಹೊಳಪಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬಣ್ಣ ಎತ್ತುವುದು. ಎಣ್ಣೆವರ್ಣ ಗಾಳಿಯೊಂದಿಗೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಅಕ್ರಿಲಿಕ್ ಒಮ್ಮೆ ಒಣಗಿದರೆ ಪ್ಲಾಸ್ಟಿಕ್ ಪೊರೆ. ಜಲವರ್ಣ ಮಾತ್ರ ಎಷ್ಟು ವರ್ಷವಾದರೂ ನೀರು ತಾಗಿದರೆ ಮತ್ತೆ ಏಳುತ್ತದೆ. ಬಣ್ಣದ ಪೆಟ್ಟಿಗೆಯ ಪ್ಯಾನ್ ಎಂಬ ಪುಟ್ಟ ಅಚ್ಚಿನಲ್ಲಿ ಒಣಗಿದ ಬಿಲ್ಲೆಯನ್ನು ಒದ್ದೆ ಕುಂಚದಿಂದ ಎಬ್ಬಿಸುವುದಿಲ್ಲವೇ, ಹಾಗೆ. ಕಾಗದದ ನಾರಿಗೆ ನೇರ ಇಳಿದ ಕಣವನ್ನು ಎತ್ತುವುದು ಕಷ್ಟ, ಅಂಟಿನ ಪದರದಲ್ಲಿ ಕೂತ ಕಣವನ್ನು ಎತ್ತುವುದು ಸುಲಭ. ಆಲದ ಮರ ಬರೆಯುವಾಗ ನಾನು ಕಾಂಡದ ನೆರಳಿಗೆ ಗಮ್ ಬೆರೆಸಿದ ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಡುತ್ತೇನೆ. ಆಮೇಲೆ ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಸಣ್ಣ ಚಪ್ಪಟೆ ಕುಂಚದ ಅಂಚಿನಿಂದ ಮೇಲಿಂದ ಕೆಳಗೆ ಒಂದು ಗೆರೆ. ಹತ್ತು ಎಣಿಸಿ, ಟಿಶ್ಯೂ ಕಾಗದವನ್ನು ಉಜ್ಜದೆ ಒತ್ತಿ ತೆಗೆದರೆ ಬಿಳಲು ಬೆಳಕಾಗಿ ಮೂಡಿರುತ್ತದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಜಲವರ್ಣಕಾರರು ಹೀಗೆ ಒದ್ದೆ ಮಾಡಿ ಒತ್ತಿ, ಬ್ರೆಡ್ಡಿನ ಚೂರಿನಿಂದ ತಿಕ್ಕಿ ಬೆಳಕು ತೆಗೆಯುತ್ತಿದ್ದರು.

ಈ ಅನುಕೂಲದ ಬೆನ್ನಿಗೇ ತೊಂದರೆ. ಕೆಳಪದರದಲ್ಲಿ ಅಂಟು ಜಾಸ್ತಿಯಿದ್ದರೆ ಮೇಲೆ ಇನ್ನೊಂದು ಬಣ್ಣ ತೆಳುವಾಗಿ ಹಾಯಿಸಲು ಹೋದಾಗ ಕೆಳಗಿನದೂ ಎದ್ದು ಬರುತ್ತದೆ. ಪದರದ ಮೇಲೆ ಪದರ ಕಟ್ಟುವವರು ಮೊದಲ ಪದರಗಳಿಗೆ ಗಮ್ ಮುಟ್ಟಿಸಲೇಬಾರದು. ಎತ್ತಿ ತೆಗೆಯುವ ಉದ್ದೇಶವಿದ್ದರೆ ಹಾಕಿ, ಇಲ್ಲವೇ ಇನ್ನು ಕುಂಚ ಮುಟ್ಟಿಸುವುದಿಲ್ಲ ಎಂಬ ಕೊನೆಯ ಪದರಕ್ಕೆ ಹಾಕಿ.

ಹಸಿ ಕಾಗದದ ಮೇಲೆ ಹಸಿ ಬಣ್ಣ ಬಿಡುವವರಿಗೆ ಇನ್ನೊಂದು ಉಪಯೋಗ. ಅಂಟುನೀರು ಬರೀ ನೀರಿಗಿಂತ ಮಂದ, ಬಣ್ಣ ನಿಧಾನವಾಗಿ ಹರಡುತ್ತದೆ. ಮಲೆನಾಡಿನ ಬೆಟ್ಟದ ಸಾಲಿನ ಹಿಂದೆ ಮೋಡ ಬರೆಯುವಾಗ ಬಣ್ಣ ಇಡೀ ಹಾಳೆಗೆ ಓಡದೆ ಬಿಟ್ಟಲ್ಲೇ ಮೆತ್ತಗೆ ಅರಳಿ ನಿಲ್ಲಬೇಕಾದರೆ ಎರಡು ಹನಿ ಸಾಕು. ಗೋಡೆಗೆ ನೀರು ಇಳಿದಾಗ ಮೂಡುವಂಥ ಅಂಚುಕಟ್ಟಿದ ಕಲೆಗಳೂ ಕಡಿಮೆಯಾಗುತ್ತವೆ. ಇದಕ್ಕೆ ತದ್ವಿರುದ್ಧ ಕೆಲಸ ಮಾಡುವುದು ಆಕ್ಸ್ ಗಾಲ್, ಅಂದರೆ ದನದ ಪಿತ್ತರಸ. ಅದು ನೀರಿನ ಮೇಲ್ಮೈ ಬಿಗಿತ ಸಡಿಲಿಸಿ ಬಣ್ಣವನ್ನು ಓಡಿಸುತ್ತದೆ. ಎರಡನ್ನೂ ಒಂದೇ ಬಟ್ಟಲಿಗೆ ಸುರಿಯುವವರನ್ನು ಕಂಡಿದ್ದೇನೆ, ಬ್ರೇಕು-ಆಕ್ಸಿಲರೇಟರು ಎರಡನ್ನೂ ತುಳಿದಂತೆ.

ಅಂಟನ್ನು ಧಾರಾಳವಾಗಿ ಬಳಸಿದರೆ ಚಿತ್ರ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರ್ ಒಳ್ಳೆಯ ಉದಾಹರಣೆ. 1825ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಆತ ಹಳ್ಳಿ, ಹೊಲ, ಚಂದ್ರನ ಬೆಳಕಿನ ಆರು ಪುಟ್ಟ ಚಿತ್ರಗಳನ್ನು ಬರೆದ. ಸೇಪಿಯಾಕ್ಕೆ ಗಮ್ ಅರೇಬಿಕ್ ಬೆರೆಸಿ ಬರೆದು, ಮೇಲೆ ವಾರ್ನಿಶ್ ಹಚ್ಚಿದ ಇವು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿವೆ. ಕಂದು ಬಣ್ಣವೊಂದರಲ್ಲೇ ಬರೆದಿದ್ದರೂ ಹಳೆಯ ಪಾಲಿಶ್ ಮಾಡಿದ ಮರದಂತೆ ಒಳಗಿನಿಂದ ಬೆಚ್ಚಗೆ ಕಾಣುತ್ತವೆ. ಜಲವರ್ಣ ಎಂದರೆ ತಿಳಿ, ಹಗುರ ಎಂದುಕೊಂಡವರು ನೋಡಬೇಕಾದ ಚಿತ್ರಗಳು.

ಇದರ ಇನ್ನೊಂದು ಕೊನೆ ಕಲ್ಕತ್ತದಲ್ಲಿದೆ. 1903ರಲ್ಲಿ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್‌ಸೊ ಅಲ್ಲಿಗೆ ಬಂದಿದ್ದರು. ತೈಕಾನ್ ಚಿತ್ರದ ಮೇಲೆ ಒದ್ದೆ ಕುಂಚ ಆಡಿಸುವುದನ್ನು ಕಂಡ ಅವನೀಂದ್ರನಾಥ ಠಾಕೂರರು ಒಂದು ಹೆಜ್ಜೆ ಮುಂದೆ ಹೋಗಿ ಬಣ್ಣ ಹಚ್ಚಿ ಒಣಗಿಸಿದ ಚಿತ್ರವನ್ನೇ ನೀರಿನಲ್ಲಿ ಅದ್ದತೊಡಗಿದರು. ಮತ್ತೆ ಬಣ್ಣ, ಮತ್ತೆ ನೀರು. ಬಂಗಾಳ ಶೈಲಿಯ ವಾಶ್ ಎಂದರೆ ಇದು. ಪ್ರತಿ ಮುಳುಗಿಗೂ ಅಂಟು ಕರಗಿ ಹೋಗುತ್ತದೆ, ಸಡಿಲ ಕಣಗಳೂ ಅದರ ಜೊತೆ ಹೋಗುತ್ತವೆ, ನಾರಿನೊಳಗೆ ಸಿಕ್ಕಿಕೊಂಡವು ಮಾತ್ರ ಉಳಿಯುತ್ತವೆ. ಹಾಗಾಗಿ ಎಲ್ಲೂ ಮಿರುಗಿಲ್ಲ, ಚೂಪು ಅಂಚಿಲ್ಲ, ಮುಸ್ಸಂಜೆಯ ಮಬ್ಬೊಂದೇ. ಪಾಮರ್ ಅಂಟು ತುಂಬಿಸಿ ಪಡೆದದ್ದು ಆಳ, ಠಾಕೂರರು ಅಂಟು ತೊಳೆದು ಪಡೆದದ್ದು ಮಂಜು. ಮೈಸೂರು ಅರಮನೆಯ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ಕಲಿತದ್ದು ಇದೇ ಠಾಕೂರರ ಬಳಿ. ವೆಂಕಟಪ್ಪನವರ ಊಟಿಯ ದೃಶ್ಯಗಳನ್ನು ಎಂದಾದರೂ ಎದುರಿನಿಂದ ನೋಡುವ ಅವಕಾಶ ಸಿಕ್ಕರೆ, ಒಂದು ಸಲ ಪಕ್ಕಕ್ಕೆ ಸರಿದು ಓರೆಯಾಗಿಯೂ ನೋಡಿ. ಮೇಲ್ಮೈ ಎಲ್ಲಿ ಮಿರುಗುತ್ತದೆ, ಎಲ್ಲಿ ಮಂಕಾಗಿದೆ ಎನ್ನುವುದು ಮುದ್ರಿತ ಪ್ರತಿಯಲ್ಲಿ ಎಂದೂ ಕಾಣುವುದಿಲ್ಲ.

ಇನ್ನು ನನ್ನ ಎಡವಟ್ಟು. ಹೊಳಪಿನ ಆಸೆಗೆ ಬಿದ್ದು ಕೆರೆಯ ಚಿತ್ರವೊಂದಕ್ಕೆ ಶೀಶೆಯಿಂದಲೇ ಗಮ್ ಬಳಿದೆ, ನೀರಿನ ಭಾಗಕ್ಕೆಲ್ಲ. ಒಣಗಿದ ದಿನ ಕೆರೆಯಲ್ಲಿ ಮುಖ ಕಾಣುವಂತಿತ್ತು. ಸುರುಳಿ ಸುತ್ತಿ ಕೊಳವೆಯಲ್ಲಿಟ್ಟು ಚೌಕಟ್ಟು ಹಾಕಿಸಲು ಒಯ್ದೆ. ಬಿಚ್ಚಿದಾಗ ಕೆರೆ ಬೇಸಿಗೆಯಲ್ಲಿ ಬತ್ತಿದ ಕೆರೆಯಂತೆ ಬಿರುಕುಬಿಟ್ಟಿತ್ತು! ಒಣ ಅಂಟು ಗಾಜಿನಂತೆ ಪೆಡಸು, ಕಾಗದ ಬಾಗಿದರೂ ಅದು ಬಾಗುವುದಿಲ್ಲ. ಇರಲಿ ಎಂದು ಗಾಜಿಗೆ ತಾಗಿಸಿಯೇ ಚೌಕಟ್ಟು ಹಾಕಿಸಿದೆ. ಆ ಮಳೆಗಾಲ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗಿ ಗಾಜಿಗೆ ಕಚ್ಚಿತು. ಗಾಜು ತೆಗೆಯಲು ಹೋದರೆ ಕೆರೆಯ ಅರ್ಧ ಗಾಜಿನ ಜೊತೆ ಬಂತು. ಅಂದಿನಿಂದ ಗಮ್ ಹಾಕಿದ ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಮೌಂಟ್ ಬೋರ್ಡ್ ಇಲ್ಲದೆ ಚೌಕಟ್ಟು ಹಾಕಿಸಿಲ್ಲ, ಶೀಶೆಯ ಗಮ್ ನೇರವಾಗಿ ಕಾಗದಕ್ಕೆ ಮುಟ್ಟಿಸಿಲ್ಲ.

ಈ ಪೆಡಸುತನ ಬಣ್ಣ ತಯಾರಿಸುವವರಿಗೂ ಹಳೆಯ ತಲೆನೋವು. 1780ರ ಸುಮಾರಿಗೆ ಲಂಡನ್ನಿನಲ್ಲಿ ವಿಲಿಯಂ ರೀವ್ಸ್ ಮಾಡಿ ಮಾರಿದ ಬಣ್ಣದ ಬಿಲ್ಲೆಗಳು ಗಟ್ಟಿ, ನೀರು ಹಾಕಿ ತೇಯಬೇಕಿತ್ತು. ಆಮೇಲೆ ಅಂಟಿನ ಜೊತೆ ಗ್ಲಿಸರಿನ್ ಬಂತು, ಬಿಲ್ಲೆ ಮೆತ್ತಗಾಯಿತು. ಹಿಂಡುವ ತಗಡಿನ ಟ್ಯೂಬನ್ನು ಜಾನ್ ಗಾಫ್ ರ್‍ಯಾಂಡ್ 1841ರಲ್ಲಿ ಕಂಡುಹಿಡಿದ ಮೇಲೆ ಜಲವರ್ಣವೂ ಅದರೊಳಗೆ ಸೇರಿತು. ಕೆಲವರು ಗ್ಲಿಸರಿನ್ ಬದಲು ಜೇನು ಹಾಕುತ್ತಾರೆ. ಗ್ಲಿಸರಿನ್, ಜೇನು ಎರಡೂ ತೇವ ಹಿಡಿದಿಡುವ ವಸ್ತುಗಳು. ಹೀಗಾಗಿ ಒಂದೇ ಕಂಪನಿಯ ಪ್ಯಾನ್ ಏಪ್ರಿಲ್‌ನ ಕಲಬುರಗಿಯಲ್ಲಿ ಬಿರಿದರೆ, ಜುಲೈನ ಮಂಗಳೂರಿನಲ್ಲಿ ಬೆರಳಿಗೆ ಅಂಟುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವುದು ದೊಡ್ಡ ವಿದ್ಯೆಯಲ್ಲ. ಕಚೇರಿಯಲ್ಲಿ ಲಕೋಟೆ ಅಂಟಿಸುವ ಗಮ್ ಬಾಟಲಿ ಬೇಡ, ಅದು ಪಿಷ್ಟದಿಂದ ಮಾಡಿದ್ದೋ ಪೂರ್ತಿ ಕೃತಕವೋ ಆಗಿರಬಹುದು. ಕಿರಾಣಿ ಅಂಗಡಿಯ ಅಂಟಿನಲ್ಲಿ ಮಸುಕು ಹಳದಿಯ ತಿಳಿ ಹರಳುಗಳನ್ನೇ ಆರಿಸಿ, ಕೆಂಪುಕಂದು ಹರಳು ತಿಳಿಬಣ್ಣಗಳನ್ನು ಮಾಸಲು ಮಾಡುತ್ತದೆ. ಕುಟ್ಟಿ ಪುಡಿಮಾಡಿ, ಒಂದು ಪಾಲು ಪುಡಿಗೆ ಎರಡು ಪಾಲು ಬಿಸಿನೀರು ಹಾಕಿ ರಾತ್ರಿಯಿಡೀ ಬಿಡಿ. ಒಲೆಯ ಮೇಲೆ ಕುದಿಸಬೇಡಿ. ಬೆಳಿಗ್ಗೆ ಮಲ್‌ಮಲ್ ಬಟ್ಟೆಯಲ್ಲಿ ಸೋಸಿದರೆ ತೊಗಟೆಯ ಚೂರು, ಮರಳು ಎಲ್ಲ ಹೊರಗುಳಿಯುತ್ತವೆ. ಊದಿಕೊಂಡ ಮುದ್ದೆ ಏನಾದರೂ ಬಟ್ಟೆಯಲ್ಲಿ ಉಳಿದರೆ ಅಂಗಡಿಯವನು ಬೇರೆ ಮರದ ಅಂಟು ಬೆರೆಸಿದ್ದಾನೆ ಎಂದರ್ಥ. ಬೂಸು ಹಿಡಿಯದಿರಲು ಎರಡು ಹನಿ ಲವಂಗದೆಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ, ಹುಳಿವಾಸನೆ ಬಂದ ದಿನ ಚೆಲ್ಲಿಬಿಡಿ. ಹೊಸ ಶೀಶೆಯನ್ನು ಚಿತ್ರಕ್ಕೆ ಬಳಸುವ ಮೊದಲು ರದ್ದಿ ಕಾಗದದ ಪಟ್ಟಿಯ ಮೇಲೆ ಒಂದೇ ಇಂಡಿಗೋವನ್ನು ನಾಲ್ಕು ಕಡೆ ಹಚ್ಚಿ: ಬರೀ ನೀರು, ಎರಡು ಹನಿ, ಐದು ಹನಿ, ಹತ್ತು ಹನಿ. ಮರುದಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ನೋಡಿ. ಎಲ್ಲಿ ಬಿರುಕು ಕಾಣುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಮ್ಮ ಮಿತಿ.

ನಾನು ತಂದ ಕಾಲು ಕಿಲೋದಲ್ಲಿ ಬಣ್ಣಕ್ಕೆ ಖರ್ಚಾದದ್ದು ಒಂದು ಹಿಡಿ. ಉಳಿದದ್ದು ಡಬ್ಬಿಯಲ್ಲಿತ್ತು. ಮೊನ್ನೆ ಹುಡುಕಿದರೆ ಡಬ್ಬಿ ಖಾಲಿ, ಅಡುಗೆಮನೆಯಿಂದ ತುಪ್ಪದ ಘಮ.